ಕಿವಿಯಿಂದಲೇ ಹಾಡಿನ ಕಾರ್ಡ್ಸ್ ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೀಬೋರ್ಡ್, ಹಾರ್ಮೋನಿಯಂ ಅಥವಾ ಗಿಟಾರಿನಲ್ಲಿ ಏಳೆಂಟು ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿಸಲು ಬರುವ, ಆದರೆ ಯಾರಾದರೂ ಬರೆದುಕೊಟ್ಟರೆ ಮಾತ್ರ ಹಾಡಿಗೆ ಕೈ ಹಾಕುವವರಿಗಾಗಿ ಈ ಉತ್ತರಗಳು. ಸುಗಮ ಸಂಗೀತ, ಭಜನೆ, ಚಿತ್ರಗೀತೆ, ಜನಪದ ಗೀತೆ ಎಲ್ಲಕ್ಕೂ ದಾರಿ ಒಂದೇ.

ಇದಕ್ಕೆ ಹುಟ್ಟಿನಿಂದ ಬಂದ ಕಿವಿ ಬೇಕಾ?

ಬೇಡ. ಬಸ್ಸಿನ ಹಾರ್ನ್ ಕೇಳಿ "ಇದು ಎಫ್ ಶಾರ್ಪ್" ಎನ್ನುವ ಶಕ್ತಿ ಕೆಲವರಿಗಿರುತ್ತದೆ, ಆದರೆ ಕಾರ್ಡ್ಸ್ ಹುಡುಕಲು ಅದರ ಅಗತ್ಯವಿಲ್ಲ. ಬೇಕಿರುವುದು ಒಂದು ಸ್ವರಕ್ಕೂ ಇನ್ನೊಂದಕ್ಕೂ ಇರುವ ದೂರ ಗುರುತಿಸುವ ಅಭ್ಯಾಸ. ಸರಿಗಮ ಹಾಡಿ ಬಲ್ಲವರಿಗೆ ಅದು ಅರ್ಧ ಬಂದಂತೆಯೇ, ಏಕೆಂದರೆ ಷಡ್ಜ ಎಲ್ಲಿಟ್ಟರೂ ಪಂಚಮ ಎಷ್ಟು ದೂರ ಎಂದು ಗಂಟಲಿಗೆ ಗೊತ್ತಿರುತ್ತದೆ.

ಒಂದು ಎಚ್ಚರಿಕೆ ಮಾತ್ರ. ಸರಳೆ, ಜಂಟಿವರಸೆಗಳನ್ನು ನಾವು ಕಲಿಯುವುದು ಮಾಯಾಮಾಳವಗೌಳದಲ್ಲಿ. ಅಲ್ಲಿ ರಿಷಭ, ಧೈವತ ಎರಡೂ ಶುದ್ಧ, ಅಂದರೆ ರಿ1 ಮತ್ತು ದ1. ಹೆಚ್ಚಿನ ಚಿತ್ರಗೀತೆ, ಭಜನೆಗಳಲ್ಲಿ ಬರುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ರಿ2. ಹಾಗಾಗಿ ಅದೇ ವರಸೆಗಳನ್ನು ಕೆಲವು ದಿನ ಶಂಕರಾಭರಣದಲ್ಲಿ, ಆಮೇಲೆ ನಟಭೈರವಿಯಲ್ಲಿ ಹಾಡಿಕೊಳ್ಳಿ. ಹಿಂದೂಸ್ತಾನಿ ಕಲಿತವರಿಗೆ ಬಿಲಾವಲ್ ಮತ್ತು ಅಸಾವರಿ ಥಾಟ್ ಎಂದರೆ ಸಾಕು.

ಏನೇನು ಬೇಕು?

ಶ್ರುತಿ ಮಾಡಿದ ವಾದ್ಯ, ವೈರ್ ಇರುವ ಇಯರ್‌ಫೋನ್, ಹಾಡಿನ ಸಾಹಿತ್ಯ ಬರೆದ ಹಾಳೆ, ಪೆನ್ಸಿಲ್. ಪೆನ್ ಬೇಡ, ಅಳಿಸುವುದು ಬಹಳ ಇರುತ್ತದೆ.

ಮೊಬೈಲ್ ಸ್ಪೀಕರ್‌ನಲ್ಲಿ ಈ ಕೆಲಸ ಮಾಡಬೇಡಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಅಷ್ಟು ಚಿಕ್ಕ ಸ್ಪೀಕರ್ ಆ ಆಳಕ್ಕೆ ಇಳಿಯುವುದೇ ಇಲ್ಲ, ಮತ್ತು ನಮಗೆ ಬೇಕಿರುವ ಮುಕ್ಕಾಲು ಸುಳಿವು ಇರುವುದು ಅಲ್ಲಿಯೇ.

ಮೊದಲು ಕಾರ್ಡ್ ಹುಡುಕಬೇಕೋ, ಶ್ರುತಿಯೋ?

ಶ್ರುತಿ. ಅದು ಸಿಗದೆ ಕಾರ್ಡ್ ಹುಡುಕುವುದು ಹೆಸರು ಕೇಳದೆ ಮನೆ ಹುಡುಕಿದ ಹಾಗೆ.

ವಾದ್ಯ ಮುಟ್ಟದೆ ಹಾಡನ್ನು ಒಮ್ಮೆ ಪೂರ್ತಿ ಕೇಳಿ. ಪಲ್ಲವಿ ಮುಗಿದು ಹಾಡು "ಬಂದು ಕೂತ" ಹಾಗೆ ಅನ್ನಿಸುವ ಸ್ವರ ಯಾವುದೋ ಅದನ್ನು ಬಾಯಲ್ಲಿ ಗುನುಗಿ. ರೆಕಾರ್ಡಿಂಗ್ ನಿಲ್ಲಿಸಿ, ಗುನುಗುವುದನ್ನು ನಿಲ್ಲಿಸದೆ, ಕೀಬೋರ್ಡಿನ 12 ಮನೆಗಳಲ್ಲಿ ಒಂದೊಂದನ್ನೇ ಒತ್ತುತ್ತಾ ಹೋಗಿ. ಸರಿಯಾದದ್ದು ಸಿಕ್ಕಾಗ ನಿಮ್ಮ ದನಿ ಅದರೊಳಗೆ ಮುಳುಗಿಹೋಗುತ್ತದೆ. ಆಮೇಲೆ ಆ ಷಡ್ಜ ಮತ್ತು ಅದರ ಪಂಚಮ ಎರಡನ್ನೂ ಒತ್ತಿ ಹಿಡಿದು, ತಂಬೂರಿಯಂತೆ, ಹಾಡನ್ನು ಮತ್ತೆ ಹಾಕಿ. ಹಾಡಿನುದ್ದಕ್ಕೂ ಆ ಜೋಡಿ ಹೆಚ್ಚು ಕಿರಿಕಿರಿ ಮಾಡದಿದ್ದರೆ ಶ್ರುತಿ ಸಿಕ್ಕಿದೆ.

ತಬಲಾ ಇರುವ ಹಾಡಾದರೆ ಇನ್ನೂ ಸುಲಭದ ದಾರಿಯಿದೆ. ಬಲಗೈ ತಬಲಾವನ್ನು ಸಾಮಾನ್ಯವಾಗಿ ಗಾಯಕರ ಷಡ್ಜಕ್ಕೆ, ಕೆಲವೊಮ್ಮೆ ಪಂಚಮಕ್ಕೆ ಸೇರಿಸಿರುತ್ತಾರೆ. "ನಾ" ಎನ್ನುವ ಪೆಟ್ಟಿನ ಹಿಂದೆ ಉಳಿಯುವ ಗುಂಯ್ ದನಿಯನ್ನು ಹಿಡಿದರೆ ಹಾಡು ಶುರುವಾಗುವ ಮೊದಲೇ ಶ್ರುತಿ ಗೊತ್ತಾಗುತ್ತದೆ. ಮೃದಂಗದ ಬಲಮುಖವೂ ಹಾಗೆಯೇ.

"ಎರಡೂವರೆ ಮನೆ", "ಕಪ್ಪು ನಾಲ್ಕು" ಅಂದರೆ ಯಾವ ಕೀ?

ಕರ್ನಾಟಕ ಸಂಗೀತದವರ ಲೆಕ್ಕ: ಒಂದು ಮನೆ ಸಿ, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ, ಏಳು ಬಿ. ನಡುವಿನ ಕಪ್ಪು ಮನೆಗಳಿಗೆ ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಇ ಮತ್ತು ಎಫ್ ನಡುವೆ ಕಪ್ಪು ಮನೆ ಇಲ್ಲದಿರುವುದರಿಂದ "ಮೂರೂವರೆ ಶ್ರುತಿ" ಎನ್ನುವುದು ಇಲ್ಲ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ 1 ಎಂದರೆ ಸಿ, ಕಪ್ಪು 1 ಎಂದರೆ ಸಿ ಶಾರ್ಪ್, ಕಪ್ಪು 4 ಎಂದರೆ ಜಿ ಶಾರ್ಪ್. ಹಾಗಾಗಿ ಐದೂವರೆ ಮನೆಯೂ ಕಪ್ಪು ನಾಲ್ಕೂ ಒಂದೇ.

ಹಳೆಯ ಹಾಡಿನ ಶ್ರುತಿ ಎರಡು ಮನೆಗಳ ನಡುವೆ ಬೀಳುತ್ತಿದೆ. ನನ್ನ ಕಿವಿ ಕೆಟ್ಟಿದೆಯಾ?

ಕಿವಿ ಸರಿಯಾಗಿಯೇ ಇದೆ. ಹಳೆಯ ಟೇಪು, ತಟ್ಟೆಗಳನ್ನು ಡಿಜಿಟಲ್ ಮಾಡುವಾಗ ವೇಗ ಸ್ವಲ್ಪ ಏರುಪೇರಾದರೂ ಶ್ರುತಿ ಸರಿದುಬಿಡುತ್ತದೆ. ವೇಗ ಸುಮಾರು ಶೇಕಡಾ 6 ಹೆಚ್ಚಾದರೆ ಇಡೀ ಹಾಡು ಅರ್ಧ ಮನೆ, ಅಂದರೆ ಕಪ್ಪೋ ಬಿಳಿಯೋ ಪಕ್ಕದ ಕೀಗೆ, ಮೇಲೇರುತ್ತದೆ, ಶೇಕಡಾ 3 ಹೆಚ್ಚಾದರೆ ಸರಿಯಾಗಿ ನಡುವೆ ನಿಲ್ಲುತ್ತದೆ.

ಕೀಬೋರ್ಡಿನಲ್ಲಿ ಟ್ಯೂನಿಂಗ್ ಸೆಟ್ಟಿಂಗ್ ಇರುತ್ತದೆ, 440 ಹರ್ಟ್ಸ್ ಎಂದು ತೋರಿಸುವುದು. ಹಾಡು 30 ಸೆಂಟ್ ಮೇಲಿದ್ದರೆ ಅದನ್ನು 447.7ರ ಆಸುಪಾಸಿಗೆ ತನ್ನಿ. (ಅರ್ಧ ಮನೆಯ ದೂರವೆಂದರೆ 100 ಸೆಂಟ್.) ಗಿಟಾರಾದರೆ ತಂತಿ ಬಿಗಿದು ಸಡಿಲಿಸುವುದಕ್ಕಿಂತ ಆಡಾಸಿಟಿಯಂಥ ಸಾಫ್ಟ್‌ವೇರ್‌ನಲ್ಲಿ ಹಾಡನ್ನೇ ಸರಿಸುವುದು ಒಳ್ಳೆಯದು.

ಶ್ರುತಿ ಸಿಕ್ಕಿತು. ಈಗ ಎಷ್ಟು ಕಾರ್ಡ್ಸ್ ಹುಡುಕಬೇಕು?

ಮೇಜರ್, ಮೈನರ್ ಎರಡೇ ಬಗೆ ಹಿಡಿದರೂ 24 ಇವೆ. ಶ್ರುತಿ ಗೊತ್ತಾದ ಕೂಡಲೇ ಪಟ್ಟಿ ಆರಕ್ಕೆ ಇಳಿಯುತ್ತದೆ.

ಶಂಕರಾಭರಣದ ಸ್ವರಗಳಿರುವ ಹಾಡಿನಲ್ಲಿ ಸ, ಮ, ಪ ಮೇಲೆ ಕಟ್ಟಿದ ಕಾರ್ಡ್ಸ್ ಮೇಜರ್. ರಿ, ಗ, ದ ಮೇಲಿನವು ಮೈನರ್. ನಿ ಮೇಲಿನದು ಡಿಮಿನಿಶ್ಡ್ (ಮೈನರ್‌ನ ಪಂಚಮ ಅರ್ಧ ಮನೆ ಇಳಿದದ್ದು), ಅದು ಅಪರೂಪ. ನಟಭೈರವಿಯ ಸ್ವರಗಳಿದ್ದರೆ ಇದು ತಿರುಗುಮುರುಗು: ಸ, ಮ, ಪ ಮೈನರ್, ಗ, ದ, ನಿ ಮೇಜರ್, ಡಿಮಿನಿಶ್ಡ್ ಬೀಳುವುದು ರಿ ಮೇಲೆ. ಈ ಎರಡು ವಾಕ್ಯ ಬಾಯಿಪಾಠವಾದರೆ ಯಾವ ಶ್ರುತಿಗಾದರೂ ಒಯ್ಯಬಹುದು. ಸಿ ಶ್ರುತಿಯಲ್ಲಿ ಸಿ, ಎಫ್, ಜಿ ಮೇಜರ್. ಡಿ, ಇ, ಎ ಮೈನರ್. ಡಿ ಶ್ರುತಿಯಲ್ಲಿ ಡಿ, ಜಿ, ಎ ಮೇಜರ್. ಇ, ಎಫ್ ಶಾರ್ಪ್, ಬಿ ಮೈನರ್.

ಮೈನರ್ ಹಾಡುಗಳಲ್ಲಿ ಒಂದು ಪದ್ಧತಿ ಎಷ್ಟು ಸಾಮಾನ್ಯವೆಂದರೆ ಅದನ್ನು ಹೊರಗಿನದು ಎನ್ನಲೂ ಆಗದು: ಪಂಚಮದ ಕಾರ್ಡ್ ಮೇಜರ್ ಆಗಿಬಿಡುತ್ತದೆ. ಎ ಮೈನರ್ ಹಾಡಿನಲ್ಲಿ ಇ ಮೇಜರ್ ಬರುವುದು ಹೀಗೆ. ಅದರ ಜಿ ಶಾರ್ಪ್ ಎಂದರೆ ನಿ3, ಕೀರವಾಣಿಯ ನಿಷಾದ.

ಹಾಡಿನ ರಾಗ ಕೇಳಿಸುತ್ತದೆ, ಬೇಸ್ ಕೇಳಿಸುವುದೇ ಇಲ್ಲ. ಏನು ಮಾಡಲಿ?

ಹೊಸಬರು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಯೇ. ನಮ್ಮ ಕಿವಿ ಹಾಡುವವರ ದನಿಯ ಬೆನ್ನು ಹತ್ತಿಕೊಂಡೇ ಬೆಳೆದಿದೆ. ಕೆಳಗಿನ ದನಿಯನ್ನು ಬೇರೆ ಮಾಡಿ ಕೇಳುವುದು ಹೊಸ ಕೆಲಸ.

ಎರಡು ಉಪಾಯಗಳು ಗ್ಯಾರಂಟಿ. ಒಂದು, ಆಡಾಸಿಟಿಯಲ್ಲಿ ಲೋ ಪಾಸ್ ಫಿಲ್ಟರ್ ಹಾಕಿ 250 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿ. ಪಕ್ಕದ ಮನೆಯಲ್ಲಿ ಹಾಡು ಹಾಕಿದಂತೆ ಗುಮ್ಮೆಂದು ಕೇಳಿಸುತ್ತದೆ, ಬೇಸ್ ಮಾತ್ರ ಎದ್ದು ನಿಲ್ಲುತ್ತದೆ. ಇನ್ನೊಂದು, ಹಾಡನ್ನೇ 12 ಸೆಮಿಟೋನ್ (ಒಂದು ಸೆಮಿಟೋನ್ ಎಂದರೆ ಅರ್ಧ ಮನೆ) ಮೇಲೇರಿಸಿ. ಗಾಯಕರ ದನಿ ಇಲಿ ಕಿರುಚಿದ ಹಾಗಾಗುತ್ತದೆ, ಇರಲಿ. ಬೇಸ್ ಒಂದು ಸ್ಥಾಯಿ ಮೇಲೆ ಬಂದು ಸ್ಪಷ್ಟವಾಗಿ ಹಾಡುತ್ತದೆ.

ಬೇಸ್ ಕೇಳಿದ ಮೇಲೆ ತಕ್ಷಣ ವಾದ್ಯಕ್ಕೆ ಕೈ ಹಾಕಬೇಡಿ. ಮೊದಲು ಬಾಯಲ್ಲಿ ಹಾಡಿ. ಹಾಡಲು ಬಾರದ ಬೇಸ್ ಸ್ವರವನ್ನು ಕೈ ಬರೀ ಊಹಿಸುತ್ತದೆ, ಊಹೆ ಬಹುಪಾಲು ಪಂಚಮಕ್ಕೆ ಹೋಗಿ ಬೀಳುತ್ತದೆ. ಹಾಡಿಕೊಂಡ ಮೇಲೆ ಗಿಟಾರಿನ ಆರನೇ ಮತ್ತು ಐದನೇ ತಂತಿಯಲ್ಲಿ ಹುಡುಕಿ. ಆರನೆಯದು ತೆರೆದಾಗ ಇ, 1ನೇ ಫ್ರೆಟ್ ಎಫ್, 3ನೇ ಫ್ರೆಟ್ ಜಿ. ಐದನೆಯದು ತೆರೆದಾಗ ಎ, 2ನೇ ಫ್ರೆಟ್ ಬಿ, 3ನೇ ಫ್ರೆಟ್ ಸಿ, 5ನೇ ಫ್ರೆಟ್ ಡಿ.

ಸುಗಮ ಸಂಗೀತದ ಕೆಲವು ಧ್ವನಿಮುದ್ರಿಕೆಗಳಲ್ಲಿ ಬೇಸ್ ಗಿಟಾರೇ ಇರುವುದಿಲ್ಲ. ಅಲ್ಲಿ ಕೇಳಿಸುವ ಕೆಳದನಿ ಎಡಗೈ ಡಗ್ಗಾದ್ದು, ಅಂಗೈ ಒತ್ತಿ ಜಾರಿಸುವ ದನಿ. ಅದನ್ನು ಬೇಸ್ ಎಂದು ತಿಳಿದು ಕಾರ್ಡ್ ಹಾಕಿದರೆ ಎಡವಟ್ಟು.

ಕಾರ್ಡ್ ಎಲ್ಲಿ ಬದಲಾಗುತ್ತದೆ ಎಂದು ಗೊತ್ತಾಗುವುದು ಹೇಗೆ?

ತಾಳ ಹಾಕಿ ಕೇಳಿ. ಕೆಹರ್ವಾದ 8 ಮಾತ್ರೆಯಲ್ಲಿ ಬದಲಾವಣೆ ಹೆಚ್ಚಾಗಿ 1ನೇ ಅಥವಾ 5ನೇ ಮಾತ್ರೆಯಲ್ಲಿ, ದಾದ್ರಾದ 6ರಲ್ಲಿ 1 ಅಥವಾ 4ರಲ್ಲಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬದಲಾದಂತೆ ಅನ್ನಿಸಿದ ಅಕ್ಷರದ ಮೇಲೆ ಒಂದು ಗೀಟು ಎಳೆಯಿರಿ. ಪೂರ್ತಿ ಪಲ್ಲವಿಗೆ ಗೀಟು ಎಳೆದಾದ ಮೇಲೆಯೇ ಹೆಸರು ಹುಡುಕಿ.

ಇಲ್ಲಿ ಆಗುವ ತಪ್ಪು ಎಡುಪಿನದು, ಅಂದರೆ ಹಾಡು ತಾಳದಲ್ಲಿ ಶುರುವಾಗುವ ಜಾಗದ್ದು. ಅನೇಕ ಹಾಡುಗಳ ಸಾಹಿತ್ಯ ಸಮಕ್ಕಿಂತ (ತಾಳದ ಮೊದಲ ಮಾತ್ರೆಗಿಂತ) ಒಂದೆರಡು ಮಾತ್ರೆ ಮೊದಲೇ ಶುರುವಾಗುತ್ತದೆ, ಅಂದರೆ ಅತೀತ. ಸಾಲಿನ ಮೊದಲ ಅಕ್ಷರಕ್ಕೇ ಕಾರ್ಡ್ ಬರೆದಿಟ್ಟುಕೊಂಡರೆ ಇಡೀ ಹಾಡು ಮುಂದಕ್ಕೆ ತಳ್ಳಿದಂತಾಗುತ್ತದೆ. ಕಾರ್ಡ್ ಸಮದ ಮಾತು ಕೇಳುತ್ತದೆ, ಸಾಹಿತ್ಯದ್ದಲ್ಲ.

ಬೇಸ್ ಸ್ವರ ಸಿಕ್ಕಿತು. ಮೇಜರೋ ಮೈನರೋ?

"ಖುಷಿಯಾಗಿದ್ದರೆ ಮೇಜರ್, ದುಃಖವಾದರೆ ಮೈನರ್" ಎನ್ನುವ ಪಾಠ ಮರೆತುಬಿಡಿ, ಎಷ್ಟೋ ಕುಣಿಯುವ ಹಾಡುಗಳು ಮೈನರ್‌ನಲ್ಲಿವೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಸ್ವರದ್ದು. ಬೇಸ್ ಸ್ವರವನ್ನು ಸ ಎಂದಿಟ್ಟುಕೊಂಡರೆ ಮೇಜರ್‌ನಲ್ಲಿ ಸ, ಅಂತರ ಗಾಂಧಾರ, ಪ. ಮೈನರ್‌ನಲ್ಲಿ ಸ, ಸಾಧಾರಣ ಗಾಂಧಾರ, ಪ. ಹಿಂದೂಸ್ತಾನಿಯಲ್ಲಿ ಶುದ್ಧ ಗ, ಕೋಮಲ ಗ.

ಪೂರ್ತಿ ಕಾರ್ಡ್ ಬಾರಿಸಿ ಪರೀಕ್ಷೆ ಮಾಡಬೇಡಿ, ಆರು ತಂತಿಯ ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ. ಹಾಡು ಓಡುತ್ತಿರುವಾಗ ಆ ಜಾಗದಲ್ಲಿ ನಾಲ್ಕನೇ ಸೆಮಿಟೋನ್ ಒಂದನ್ನೇ ಒತ್ತಿ ಹಿಡಿಯಿರಿ. ಆಮೇಲೆ ಮೂರನೆಯದನ್ನು. ತಪ್ಪಾದದ್ದು ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗೆ ಕಚ್ಚುತ್ತದೆ. ಹಾರ್ಮೋನಿಯಂ ಇದಕ್ಕೆ ಎಲ್ಲಕ್ಕಿಂತ ಚೆನ್ನ, ತಿದಿ ಒತ್ತುತ್ತಿರುವಷ್ಟು ಹೊತ್ತೂ ಸ್ವರ ಆರುವುದಿಲ್ಲ.

ಎರಡೂ ಕಚ್ಚದಿದ್ದರೆ ಅಲ್ಲಿ ಗಾಂಧಾರವೇ ಇಲ್ಲ. ರಾಕ್ ಶೈಲಿಯ ಗಿಟಾರಿನಲ್ಲಿ ಬರೀ ಸ-ಪ ಬಾರಿಸುವುದುಂಟು. ಹಾಗೆಯೇ ಬರೆದುಕೊಳ್ಳಿ.

ಒಂದು ಸಾಲನ್ನು ಬಿಡಿಸಿ ತೋರಿಸುತ್ತೀರಾ?

ಡಿ ಶ್ರುತಿ, ಅಂದರೆ ಎರಡು ಮನೆ. ಕೆಹರ್ವಾ, ನಾಲ್ಕು ಆವರ್ತನ. ಉದಾಹರಣೆಗೆಂದೇ ಕಟ್ಟಿದ ಸಾಲು, ಸ್ವರಗಳು ಶಂಕರಾಭರಣದವು (ಅಲ್ಪವಿರಾಮವೆಂದರೆ ಹಿಂದಿನ ಸ್ವರವನ್ನೇ ಇನ್ನೊಂದು ಮಾತ್ರೆ ಹಿಡಿಯುವುದು):

ಸ , ರಿ ಗ ಗ , , ,
ಮ , ಗ ಮ ದ , , ,
ಪ , ದ ಪ ನಿ , , ,
ರಿ , ನಿ ರಿ ಸ , , ,

ಪ್ರತಿ ಆವರ್ತನದಲ್ಲಿ 1 ಮತ್ತು 5ನೇ ಮಾತ್ರೆಯ ಸ್ವರ ಮಾತ್ರ ನೋಡಿ. ಮೊದಲನೆಯದರಲ್ಲಿ ಸ, ಗ. ಈ ಎರಡೂ ಡಿ ಮೇಜರ್‌ನಲ್ಲಿವೆ (ಸ ಗ ಪ). ಆದರೆ ಬಿ ಮೈನರ್‌ನಲ್ಲೂ ಇವೆ (ದ ಸ ಗ). ಎರಡನೆಯದರಲ್ಲಿ ಮ, ದ: ಜಿ ಮೇಜರ್ (ಮ ದ ಸ) ಆಗಬಹುದು, ಇ ಮೈನರ್ (ರಿ ಮ ದ) ಕೂಡ ಆಗಬಹುದು. ಮೂರನೆಯದರಲ್ಲಿ ಪ, ನಿ: ಎ ಮೇಜರ್, ಇಲ್ಲವೇ ಎಫ್ ಶಾರ್ಪ್ ಮೈನರ್. ಪ್ರತಿ ಸಲವೂ ಹಾಡಿನ ಸ್ವರ ನಮ್ಮನ್ನು ಎರಡು ಬಾಗಿಲ ಮುಂದೆ ನಿಲ್ಲಿಸುತ್ತದೆ.

ಈಗ ಬೇಸ್ ಕೇಳೋಣ. ಅದು ಡಿ, ಇ, ಎ ಎಂದು ಹೋಗಿ, ಕೊನೆಯ ಆವರ್ತನದಲ್ಲಿ ನಾಲ್ಕು ಮಾತ್ರೆ ಎ ಮೇಲೆಯೇ ನಿಂತು 5ರಲ್ಲಿ ಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಉತ್ತರ: ಡಿ ಮೇಜರ್, ಇ ಮೈನರ್, ಎ ಮೇಜರ್, ಮತ್ತೆ ಅರ್ಧ ಎ ಅರ್ಧ ಡಿ.

ಇಲ್ಲಿ ಇ ಮೈನರ್ ಜಾಗದಲ್ಲಿ ಜಿ ಮೇಜರ್ ಬಾರಿಸಿದರೂ ಹಾಡುವವರು ತಿರುಗಿ ನೋಡುವುದಿಲ್ಲ. ಎರಡು ಕಾರ್ಡ್‌ಗಳಿಗೂ ಎರಡು ಸ್ವರ ಸಮಾನ, ಮೂರನೆಯದೂ ಜಗಳಕ್ಕೆ ಬರುವುದಿಲ್ಲ. ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಉಳಿದುಬಿಡುತ್ತದೆ, ಅಂತರ್ಜಾಲದ ಕಾರ್ಡ್ ಹಾಳೆಗಳಲ್ಲಿ ತುಂಬಿರುವುದೂ ಇದೇ. ಮೂಲ ರೆಕಾರ್ಡಿಂಗ್ ಜೊತೆ ನುಡಿಸಿದಾಗ ತಳ ಮಾತ್ರ ಬೇರೆ ದಿಕ್ಕಿಗೆ ಹೋದಂತೆ ಕೇಳಿಸುತ್ತದೆ.

ಬೇಸ್ ಸರಿಯಾಗಿಯೇ ಹಿಡಿದಿದ್ದೇನೆ, ಆದರೂ ಕಾರ್ಡ್ ಕೂಡುತ್ತಿಲ್ಲ?

ಬಹುಶಃ ಬೇಸ್‌ನಲ್ಲಿರುವುದು ಕಾರ್ಡಿನ ಮೂಲಸ್ವರವಲ್ಲ. ಸಿ ಶ್ರುತಿಯ ಹಾಡಿನಲ್ಲಿ ಬೇಸ್ ಸಿ, ಬಿ, ಎ, ಜಿ ಎಂದು ಮೆಟ್ಟಿಲು ಇಳಿಯುತ್ತಿದ್ದರೆ ಎರಡನೇ ಮೆಟ್ಟಿಲಿನಲ್ಲಿ ಇರುವುದು ಹೆಚ್ಚಾಗಿ ಜಿ ಮೇಜರ್, ಕೆಳಗೆ ಬಿ ಇಟ್ಟದ್ದು. ಬೇಸ್ ಇ ಆಗಿದ್ದು ಇ ಮೈನರ್ ಒಗ್ಗದಿದ್ದರೆ ಬಿ ಮತ್ತು ಸಿ ಒಂದೊಂದನ್ನೇ ಒತ್ತಿ ನೋಡಿ. ಬಿ ಕಚ್ಚಿ ಸಿ ಕೂತರೆ ಅದು ಇ ಬೇಸ್ ಇರುವ ಸಿ ಮೇಜರ್.

ಅದೂ ಅಲ್ಲದಿದ್ದರೆ ಹೊರಗಿನ ಕಾರ್ಡ್ ಬಂದಿರಬೇಕು. ಸಿ ಶ್ರುತಿಯಲ್ಲಿ ಹೆಚ್ಚಾಗಿ ಕಾಣುವ ಅತಿಥಿಗಳು ನಾಲ್ಕು: ಎ ಮೈನರ್‌ಗೆ ಮೊದಲು ಇ ಮೇಜರ್, ಜಿಗೆ ಮೊದಲು ಡಿ ಮೇಜರ್, ಎಫ್ ಮೇಜರ್ ಆದ ಮೇಲೆ ಎಫ್ ಮೈನರ್, ಮತ್ತು ಬಿ ಫ್ಲ್ಯಾಟ್ ಮೇಜರ್.

ಸೆವೆಂತ್, ಸಸ್‌ನಂಥ ಅಲಂಕಾರದ ಕಾರ್ಡ್ಸ್ ಎಲ್ಲ ಬರೆಯಲೇಬೇಕಾ?

ಮೊದಲ ಸುತ್ತಿನಲ್ಲಿ ಬೇಡ. ಸಾದಾ ಕಾರ್ಡ್ಸ್ ಪೂರ್ತಿಯಾದ ಮೇಲೆ, ಷಡ್ಜಕ್ಕೆ ಮರಳುವ ಮುಂಚಿನ ಪಂಚಮದ ಕಾರ್ಡಿಗೆ ಶುದ್ಧ ಮಧ್ಯಮ ಸೇರಿಸಿ ನೋಡಿ. ಸಿ ಶ್ರುತಿಯಲ್ಲಿ ಜಿ ಬಿ ಡಿ ಜೊತೆ ಎಫ್. ಕೂಡಿದರೆ ಅದು ಜಿ ಸೆವೆಂತ್.

ರಾಗದ ಮೇಲೆ ಕಟ್ಟಿದ ಹಾಡಿಗೂ ಇದೇ ಲೆಕ್ಕ ನಡೆಯುತ್ತದೆಯಾ?

ನಡೆಯುತ್ತದೆ, ಆದರೆ ಕೈ ಬಿಗಿ ಹಿಡಿಯಬೇಕು. ರಾಗದಲ್ಲಿರುವ ಸ್ವರಗಳಿಂದಲೇ ಯಾವ ಕಾರ್ಡ್ಸ್ ಹುಟ್ಟುತ್ತವೆ ಎಂದು ಮೊದಲು ಬರೆದುಕೊಳ್ಳಿ. ಸಿ ಶ್ರುತಿಯ ಮೋಹನದಲ್ಲಿ ಸಿ ಮೇಜರ್, ಎ ಮೈನರ್ ಎರಡೇ ಪೂರ್ತಿ ಸಿಗುತ್ತವೆ. ಜಿ ಮೇಜರ್ ಹಾಕಿದರೆ ರಾಗದಲ್ಲಿಲ್ಲದ ನಿಷಾದ ಒಳಗೆ ಬಂತು. ಹಂಸಧ್ವನಿಯಲ್ಲಿ ಸಿ ಮೇಜರ್, ಜಿ ಮೇಜರ್, ಇ ಮೈನರ್. ಹಿಂದೋಳಕ್ಕೆ ಪಂಚಮವೇ ಇಲ್ಲ, ಹಾಗಾಗಿ ಷಡ್ಜದ ಮೇಲೆ ಕಟ್ಟಿದ ಮೈನರ್ ಕೂಡ ಪರಕೀಯ. ರಾಗದೊಳಗೆ ಸಿಗುವುದು ಮಧ್ಯಮದ ಮೈನರ್, ಧೈವತದ ಮೇಜರ್. ಮಾಯಾಮಾಳವಗೌಳದಲ್ಲಿ ಷಡ್ಜದ ಮೇಜರ್‌ನಿಂದ ಅರ್ಧ ಮನೆ ಮೇಲಿನ ರಿ1 ಮೇಜರ್‌ಗೆ ಹೋಗಿಬರುವ ನಡೆಯೇ ಅದರ ಬಣ್ಣ.

ಚಿತ್ರಗೀತೆಗಳಲ್ಲಿ ಈ ಗೆರೆ ದಾಟುವುದು ಮಾಮೂಲು. ಪಟ್ಟಿ ಇರುವುದು ಹುಡುಕಾಟ ಶುರುಮಾಡಲು, ಕೇಳಿಸಿದ್ದನ್ನು ಅಲ್ಲಗಳೆಯಲು ಅಲ್ಲ.

ಗಮಕದ ವಿಷಯದಲ್ಲಿ ಜಾಗ್ರತೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲದೆ ತೂಗುತ್ತದೆ, ಟ್ಯೂನರ್ ಆಪ್‌ನ ಮುಳ್ಳು ಅಲ್ಲಿ ಹುಚ್ಚೆದ್ದು ಕುಣಿಯುತ್ತದೆ. ತೂಗುವ ಸ್ವರದ ಪ್ರತಿ ತುದಿಗೂ ಕಾರ್ಡ್ ಹುಡುಕಬೇಡಿ. ಅಂಥ ಕಡೆ ಬರೀ ಸ-ಪ ಹಿಡಿದು ಸುಮ್ಮನಿರುವುದೇ ಮೇಲು.

ಪಲ್ಲವಿಗೆ ಸರಿಹೋದದ್ದು ಚರಣದಲ್ಲಿ ಪೂರ್ತಿ ತಪ್ಪುತ್ತದೆ. ಯಾಕೆ?

ಶ್ರುತಿ ಬದಲಾಗಿರಬಹುದು. ಮಧ್ಯದ ಬಿಟ್‌ನಲ್ಲೇ ಅದು ನಡೆದುಹೋಗಿರುತ್ತದೆ, ಹಾಡುವವರು ಬರುವಷ್ಟರಲ್ಲಿ ಹೊಸ ಷಡ್ಜ ಕೂತಾಗಿರುತ್ತದೆ. ಚರಣದ ಮೊದಲ ಸಾಲಿಗೆ ಶ್ರುತಿ ಹುಡುಕುವ ಕೆಲಸವನ್ನು ಹೊಸದಾಗಿ ಮಾಡಿ.

ನಾನು ಬರೆದ ಕಾರ್ಡ್ಸ್ ನನಗೆ ಸರಿ, ಜೊತೆಯವರಿಗೆ ತಪ್ಪು?

ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ನೋಡಿ. ರಸಮಂಜರಿ ಕಾರ್ಯಕ್ರಮಗಳಲ್ಲಿ ಹಿಂದಿನ ಹಾಡಿಗೆ +2 ಮಾಡಿದ್ದನ್ನು ಸೊನ್ನೆಗೆ ತರಲು ಮರೆತಿರುತ್ತಾರೆ, ಸಿ ಒತ್ತಿದರೆ ಡಿ ಕೇಳಿಸುತ್ತದೆ. ಗಿಟಾರಿಗೆ ಕೇಪೋ (ತಂತಿಗಳನ್ನೆಲ್ಲ ಒಂದು ಫ್ರೆಟ್ಟಿನಲ್ಲಿ ಒತ್ತಿಹಿಡಿಯುವ ಕ್ಲಿಪ್) ಹಾಕಿದಾಗಲೂ ಹಾಗೆಯೇ: 3ನೇ ಫ್ರೆಟ್ಟಿಗೆ ಕೇಪೋ ಹಾಕಿ ಎ ಮೈನರ್ ಆಕಾರ ಹಿಡಿದರೆ ನಿಜವಾಗಿ ನುಡಿಯುವುದು ಸಿ ಮೈನರ್. ಹಾಳೆಯ ತಲೆಯಲ್ಲಿ "ಕೇಪೋ 3, ಬರೆದಿರುವುದು ಆಕಾರ" ಎಂದು ಸೇರಿಸಿ.

ಇನ್ನೂ ಒಳ್ಳೆಯದು, ಹೆಸರಿನ ಬದಲು ಸ್ವರದಲ್ಲೇ ಬರೆಯುವುದು. ಮೇಲಿನ ಸಾಲನ್ನು "ಸ, ರಿ ಮೈನರ್, ಪ, ಪ-ಸ" ಎಂದಿಟ್ಟುಕೊಂಡರೆ, ಹಾಡುವವರು ವೇದಿಕೆಯಲ್ಲಿ "ಅರ್ಧ ಮನೆ ಇಳಿಸಿ" ಎಂದರೂ ಹಾಳೆ ಬದಲಿಸಬೇಕಿಲ್ಲ.

ಕಾರ್ಡ್ ಹೇಳುವ ಆಪ್‌ಗಳಿವೆಯಲ್ಲ, ಇಷ್ಟೆಲ್ಲ ಯಾಕೆ?

ಬಳಸಿ, ಆದರೆ ನಿಮ್ಮ ಗೀಟುಗಳನ್ನು ಎಳೆದಾದ ಮೇಲೆ. ನಾಲ್ಕೈದು ಸಾದಾ ಕಾರ್ಡ್ಸ್ ಇರುವ ಹಾಡಿನಲ್ಲಿ ಅವು ಚೆನ್ನಾಗಿಯೇ ಹೇಳುತ್ತವೆ. ಬೇಸ್ ಬೇರೆ ಇರುವ ಕಾರ್ಡ್ಸ್, ಎರಡೇ ಮಾತ್ರೆ ಬಂದುಹೋಗುವ ಬದಲಾವಣೆಗಳು, ಗಮಕ ತುಂಬಿದ ಆಲಾಪ ಇಲ್ಲೆಲ್ಲ ಎಡವುತ್ತವೆ.

ನಿಧಾನ ಮಾಡಿ ಕೇಳಲು ಯೂಟ್ಯೂಬಿನ 0.75 ಅಥವಾ 0.5 ವೇಗ ಸಾಕು, ಶ್ರುತಿ ಬದಲಾಗುವುದಿಲ್ಲ. ಆಡಾಸಿಟಿಯಲ್ಲಾದರೆ "ಚೇಂಜ್ ಟೆಂಪೋ" ಆರಿಸಿ. ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಒತ್ತಿದರೆ ಶ್ರುತಿಯೂ ಇಳಿಯುತ್ತದೆ. ಎಡ-ಬಲ ಚಾನೆಲ್ ಕಳೆದು ಗಾಯಕರ ದನಿ ತೆಗೆಯುವ ಹಳೆಯ ಕರೋಕೆ ಉಪಾಯ ಇಲ್ಲಿ ಕೆಲಸಕ್ಕೆ ಬಾರದು. ಸಾಮಾನ್ಯವಾಗಿ ಬೇಸ್ ಕೂಡ ನಡುವೆಯೇ ಇರುವುದರಿಂದ ದನಿಯ ಜೊತೆ ಅದೂ ಮಾಯವಾಗುತ್ತದೆ.

ದಿನಾ ಏನು ಅಭ್ಯಾಸ ಮಾಡಲಿ?

20 ನಿಮಿಷ ಸಾಕು. ಮೊದಲ 5 ನಿಮಿಷ ತಂಬೂರಿ ಆಪ್ ಹಾಕಿ ಸ-ಪ, ಸ-ಮ, ಸ-ದ, ಸ-ರಿ ಜಿಗಿತಗಳನ್ನು ಹಾಡಿ. ಬೇಸ್ ಹೆಚ್ಚಾಗಿ ಓಡಾಡುವುದು ಈ ಮನೆಗಳಲ್ಲೇ. ಮುಂದಿನ 5 ನಿಮಿಷ ಒಂದು ಕಾರ್ಡ್ ಬಾರಿಸಿ, ಅದರ ಅತಿ ಕೆಳಗಿನ ಸ್ವರವನ್ನು, ಆಮೇಲೆ ಗಾಂಧಾರವನ್ನು ಬಾಯಲ್ಲಿ ಹುಡುಕಿ. ಉಳಿದ 10 ನಿಮಿಷ ಒಂದೇ ಹಾಡಿನ ಒಂದೇ ಸಾಲು. ಎರಡು ಮೂರು ಕಾರ್ಡಿನಲ್ಲಿ ಮುಗಿಯುವ ಭಜನೆ, ಜನಪದ ಗೀತೆಗಳಿಂದ ಶುರುಮಾಡಿ. ಇಷ್ಟದ ಹಾಡೆಂದು ಮೊದಲ ವಾರವೇ ಮೂರು ಸಲ ಶ್ರುತಿ ಬದಲಿಸುವ ಚಿತ್ರಗೀತೆಗೆ ಕೈ ಹಾಕಿದವರು ಸಾಮಾನ್ಯವಾಗಿ ಎರಡನೇ ವಾರಕ್ಕೆ ಆಪ್ ತೆರೆಯುತ್ತಾರೆ.

ನಾನು ಹಿಡಿದದ್ದು ಸರಿ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಮೂಲ ಹಾಡಿನ ಜೊತೆ ನುಡಿಸುತ್ತಾ ನಿಮ್ಮದನ್ನು ರೆಕಾರ್ಡ್ ಮಾಡಿ, ಮರುದಿನ ಕೇಳಿ. ನುಡಿಸುವಾಗ ಕೈಯ ಕಡೆ ಗಮನವಿದ್ದು ದಾಟಿಹೋದ ತಪ್ಪುಗಳು ಆಗ ಕೇಳಿಸುತ್ತವೆ. ಆಮೇಲೆ ಮೂಲ ಹಾಡನ್ನು ನಿಲ್ಲಿಸಿ, ಬರೀ ಬೇಸ್ ಸ್ವರಗಳನ್ನು ಒಂದು ಬೆರಳಲ್ಲಿ ನುಡಿಸುತ್ತಾ ನೀವೇ ಹಾಡಿ. ಒಂದು ಬೆರಳಿನ ಬೇಸ್ ಮೇಲೆ ಹಾಡು ಎಲ್ಲೂ ಜಾರದೆ ನಿಂತರೆ ಗೀಟುಗಳ ಮೇಲಿನ ಹೆಸರುಗಳನ್ನು ಪೆನ್ನಿನಲ್ಲಿ ಬರೆಯಬಹುದು.